ನಿಂತ ಎಂಜಿನೂ ನೆರವಿನ ಯಂತ್ರವೂ

2025ನೆಯ ಇಸವಿ ಜೂನ್ 12ರ ಮಧ್ಯಾಹ್ನ ಅಹಮದಾಬಾದಿನಲ್ಲಿ ಒದಗಿದ ವಿಮಾನ ದುರಂತವು ನಮ್ಮ ಜನರ ಮನಸ್ಸಿನಿಂದ ಸುಲಭವಾಗಿ ಮಾಸತಕ್ಕದ್ದಲ್ಲ. ಲಂಡನ್ನಿಗೆ ಹೊರಟ ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ 787 ವಿಮಾನವು ನೆಲವನ್ನು ಬಿಟ್ಟು ಸುಮಾರು ಅರ್ಧ ನಿಮಿಷದಲ್ಲಿ ವೈದ್ಯಕೀಯ ಕಾಲೇಜೊಂದರ ವಸತಿಗೃಹಗಳ ಮೇಲೆ ಬಿದ್ದು, ಒಳಗಿದ್ದ 242 ಮಂದಿಯಲ್ಲಿ 241 ಮಂದಿಯೂ, ನೆಲದ ಮೇಲಿದ್ದ 19 ಮಂದಿಯೂ ಮಡಿದರು. ಅಂದಿನಿಂದ ಒಂದು ಪ್ರಶ್ನೆಯನ್ನು ನಾವು ಕಚೇರಿಗಳಲ್ಲಿಯೂ, ರೈಲುಗಾಡಿಗಳಲ್ಲಿಯೂ, ನಮ್ಮ ಮೇಜಿಗೆ ಬರುವ ಕಾಗದಗಳಲ್ಲಿಯೂ ಪದೇ ಪದೇ ಎದುರಿಸಿದ್ದೇವೆ. ಇಷ್ಟೊಂದು ಗಣಕಯಂತ್ರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ವಿಮಾನವು ತನ್ನನ್ನು ತಾನೇ ಏಕೆ ಕಾಪಾಡಿಕೊಳ್ಳಲಿಲ್ಲ ಎಂಬುದೇ ಆ ಪ್ರಶ್ನೆ. ಇದಕ್ಕೆ ತೀರ ವಿರುದ್ಧವೆಂದು ತೋರುವ ಇನ್ನೊಂದು ಮಾತು ಪಶ್ಚಿಮದಿಂದ ಕೇಳಿಬಂದಿದೆ. ಯಂತ್ರಗಳು ಇಷ್ಟು ಸಮರ್ಥವಾದ ಮೇಲೆ ಚಾಲಕರ ಕೋಣೆಯಲ್ಲಿ ಎಲ್ಲ ಹೊತ್ತಿನಲ್ಲಿಯೂ ಇಬ್ಬರೇಕೆ ಕುಳಿತಿರಬೇಕು, ದೂರದ ಪಯಣದ ನಡುಭಾಗದಲ್ಲಿ ಒಬ್ಬನೇ ಸಾಲದೆ ಎಂಬುದು ಆ ಮಾತು. ಮೊದಲನೆಯದು ಶೋಕದ ಪ್ರಶ್ನೆ, ಎರಡನೆಯದು ಲೆಕ್ಕದ ಪ್ರಶ್ನೆ. ಆದರೆ ಇವೆರಡೂ ಹುಟ್ಟುವುದು ಒಂದೇ ಕಡೆಯಿಂದ: ವಿಮಾನದ ಯಂತ್ರವು ಚಾಲಕನಿಗೆ ಯಾವ ನೆರವನ್ನು ಎಷ್ಟರ ಮಟ್ಟಿಗೆ ನೀಡುತ್ತದೆ ಎಂಬುದು ನಮಗೆ ಸ್ಪಷ್ಟವಾಗಿ ತಿಳಿಯದಿರುವುದರಿಂದ. ಒಂದು ಎಂಜಿನು ಕೆಟ್ಟು ನಿಂತ ಸಂದರ್ಭವನ್ನೇ ತೆಗೆದುಕೊಂಡು ಇದನ್ನು ಸ್ವಲ್ಪ ಪರ್ಯಾಲೋಚಿಸಿ ನೋಡೋಣ.

ಜೋಡೆತ್ತಿನ ಬಂಡಿಯಲ್ಲಿ ಎಡದ ಎತ್ತು ಮುಗ್ಗರಿಸಿ ನಿಂತಿತೆನ್ನಿ. ಬಲದ ಎತ್ತು ಎಳೆಯುತ್ತಲೇ ಇರುತ್ತದೆ. ನೊಗದ ಬಲತುದಿ ಮುಂದಕ್ಕೆ ಹೋಗಿ, ಬಂಡಿಯು ನಿಂತ ಎತ್ತಿನ ಕಡೆಗೆ, ಅಂದರೆ ಎಡಕ್ಕೆ, ಹೊರಳುತ್ತದೆ. ವಿಮಾನದ ಗತಿಯೂ ಇದೇ. ಎರಡು ರೆಕ್ಕೆಗಳ ಕೆಳಗೆ ಎರಡು ಎಂಜಿನುಗಳು. ಒಂದು ನಿಂತರೆ ಇನ್ನೊಂದು ತನ್ನ ಪೂರ್ಣ ಬಲದಿಂದ ನೂಕಿ, ವಿಮಾನದ ಮೂತಿಯನ್ನು ಸತ್ತ ಎಂಜಿನಿನ ಕಡೆಗೆ ತಿರುಗಿಸುತ್ತದೆ. ಬೋಯಿಂಗ್ 777ರ ದೊಡ್ಡ ಮಾದರಿಗಳಲ್ಲಿ ಇಂಥ ಒಂದೊಂದು ಎಂಜಿನಿನ ನೂಕುಬಲವು 1,15,000 ಪೌಂಡುಗಳವರೆಗೆ ಇರುತ್ತದೆ ಎಂದರೆ ಆ ತಿರುವಿನ ರಭಸವನ್ನು ವಾಚಕರು ಊಹಿಸಿಕೊಳ್ಳಬಹುದು. ಬಂಡಿಗಿಲ್ಲದ ಇನ್ನೊಂದು ಕಷ್ಟವೂ ವಿಮಾನಕ್ಕುಂಟು. ಮೂತಿ ತಿರುಗಿದಾಗ ಬದುಕಿರುವ ಎಂಜಿನಿನ ಕಡೆಯ ರೆಕ್ಕೆಯು ಗಾಳಿಯಲ್ಲಿ ಹೆಚ್ಚು ವೇಗವಾಗಿ ಸಾಗಿ ಮೇಲಕ್ಕೇಳುತ್ತದೆ, ಇನ್ನೊಂದು ಕುಸಿಯುತ್ತದೆ. ತಿರುಗುವುದರ ಜೊತೆಗೆ ಒರಗುವುದೂ ಸೇರಿತು. ಇದನ್ನು ತಡೆಯದೆ ಬಿಟ್ಟರೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಹೇಳಬೇಕಾದ್ದಿಲ್ಲ.

ಇದಕ್ಕೆ ಪ್ರತಿಯಾಗಿ ಇರತಕ್ಕ ಸಾಧನವು ಬಾಲದ ಮೇಲಿನ ನೆಟ್ಟನೆಯ ರೆಕ್ಕೆಯ ಹಿಂಬದಿಗೆ ಕೀಲಿಟ್ಟು ಜೋಡಿಸಿರುವ ಚುಕ್ಕಾಣಿ. ಚಾಲಕನು ಬದುಕಿರುವ ಎಂಜಿನಿನ ಕಡೆಯ ಪೆಡಲನ್ನು ಕಾಲಿನಿಂದ ಒತ್ತಿ ಚುಕ್ಕಾಣಿಯನ್ನು ಆ ಕಡೆಗೆ ಹೊರಳಿಸುತ್ತಾನೆ. ಬಾಲವು ಇತ್ತ ಸರಿದು ಮೂತಿಯು ನೆಟ್ಟಗಾಗುತ್ತದೆ. ವಿಮಾನವಿದ್ಯೆಯ ಹಳೆಯ ಪಾಠವೊಂದು ಇದರಿಂದಲೇ ಹುಟ್ಟಿತು: ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನೇ ಸತ್ತದ್ದು. ಹೊಗೆ, ಗಂಟೆ, ಕೆಂಪುದೀಪಗಳ ಗಲಭೆಯಲ್ಲಿ ಕಣ್ಣೂ ಕಿವಿಯೂ ಮೋಸಹೋದರೂ ಕಾಲು ಮೋಸಹೋಗುವುದು ಅಪರೂಪವೆಂಬುದು ಹಿರಿಯ ಚಾಲಕರ ಅನುಭವ. ಈ ಕಾಲಿನ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಅದರ ಸುತ್ತಲೇ ಇದೆ.

ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ. ವೇಗವು ಒಂದು ಮಿತಿಗಿಂತ ಕೆಳಗಿಳಿದರೆ, ಪೆಡಲನ್ನು ಕೊನೆಯವರೆಗೆ ಒತ್ತಿದರೂ ಬದುಕಿರುವ ಎಂಜಿನಿನ ನೂಕನ್ನು ಚುಕ್ಕಾಣಿಯು ಸರಿದೂಗಿಸಲಾರದು. ಆದಕಾರಣ ಪ್ರತಿಯೊಂದು ವಿಮಾನಕ್ಕೂ ಅಂಥ ಕನಿಷ್ಠ ವೇಗವೊಂದನ್ನು ಪರೀಕ್ಷಿಸಿ ನಿಗದಿ ಮಾಡಿರುತ್ತಾರೆ. ಏರುವ ಪ್ರತಿಯೊಂದು ಸಲವೂ ಓಡುದಾರಿಯ ಉದ್ದ, ತೂಕ, ಗಾಳಿ, ಸೆಕೆಗಳನ್ನು ಲೆಕ್ಕಹಾಕಿ, ಚಾಲಕರ ಭಾಷೆಯಲ್ಲಿ ‘ವಿ-ಒನ್’ ಎನಿಸಿಕೊಳ್ಳುವ ವೇಗವನ್ನೂ ಗೊತ್ತುಮಾಡುತ್ತಾರೆ. ಅದಕ್ಕೆ ಮುಂಚೆ ಎಂಜಿನು ಕೆಟ್ಟರೆ ನಿಲ್ಲಿಸಬೇಕು. ಅದನ್ನು ದಾಟಿದ ಮೇಲೆ ಕೆಟ್ಟರೆ ಒಂದೇ ಎಂಜಿನಿನ ಮೇಲೆ ಹಾರಲೇಬೇಕು, ಏಕೆಂದರೆ ನಿಲ್ಲುವುದಕ್ಕೆ ನೆಲವೇ ಉಳಿದಿರುವುದಿಲ್ಲ. ಆ ವೇಗವನ್ನು ಕೂಗಿದೊಡನೆ ಚಾಲಕನು ಎಂಜಿನಿನ ಸನ್ನೆಕೋಲುಗಳ ಮೇಲಿಂದ ಕೈಯನ್ನು ತೆಗೆದುಬಿಡುತ್ತಾನೆ. ಇನ್ನು ಹಿಂದೆಗೆಯುವ ಆಸೆಯೂ ಕೈಗೆ ಬರಬಾರದೆಂದು ಈ ನಿಯಮ. ಎರಡು ಎಂಜಿನಿನ ವಿಮಾನವು ಒಂದನ್ನು ಕಳೆದುಕೊಂಡು ಚಕ್ರಗಳನ್ನು ಒಳಗೆ ಸೇದಿಕೊಂಡ ಮೇಲೆ, 100 ಅಡಿ ಮುಂದೆ ಸಾಗಿದರೆ 2.4 ಅಡಿಯಾದರೂ ಮೇಲೇರಬೇಕೆಂದು ಅಂತರರಾಷ್ಟ್ರೀಯ ಕಟ್ಟಳೆ ವಿಧಿಸುತ್ತದೆ. ನೂರಕ್ಕೆ ಎರಡೂವರೆಗೂ ಕಡಮೆ! ಇಷ್ಟು ಬಡವಾದ ಏರಿಕೆಯಲ್ಲಿ ಸ್ವಲ್ಪ ಓರೆಯಾಗಿ ಹಾರಿ ಗಾಳಿಯ ಎಳೆತವನ್ನು ಹೆಚ್ಚಿಸಿಕೊಂಡರೂ ಲಾಭವೆಲ್ಲ ಕರಗಿಹೋಗುತ್ತದೆ. ಆದುದರಿಂದ ಕಾಲಿನ ಒತ್ತು ಇದ್ದರೆ ಸಾಲದು, ಅದು ಅಳತೆಗೆ ಸರಿಯಾಗಿರಬೇಕು.

ಇನ್ನು ಯಂತ್ರವು ಕೊಡುವ ನೆರವಿನ ವಿಷಯ. ಎಲ್ಲ ವಿಮಾನಗಳೂ ಒಂದೇ ಬಗೆಯ ನೆರವು ಕೊಡುತ್ತವೆಂದು ಪ್ರಯಾಣಿಕರು ತಿಳಿದಿದ್ದರೆ ಅದು ತಪ್ಪು. ನಮ್ಮ ದೇಶದಲ್ಲಿಯೂ ಓಡಾಡುತ್ತಿರುವ ಬೋಯಿಂಗ್ 737ರಲ್ಲಿ, ಏರುವಾಗ ಎಂಜಿನು ನಿಂತರೆ ಚುಕ್ಕಾಣಿಯ ಭಾರವೆಲ್ಲ ಚಾಲಕನ ಕಾಲಿನ ಮೇಲೆಯೇ. ಸಾಮಾನ್ಯ ಹಾರಾಟದಲ್ಲಿ ಅದರ ಸ್ವಯಂಚಾಲಕವು ರೆಕ್ಕೆಗಳನ್ನು ಸಮವಾಗಿರಿಸುತ್ತದೆಯೇ ಹೊರತು ಚುಕ್ಕಾಣಿಯನ್ನು ತಾನಾಗಿ ನಡೆಸದು.

1988ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಏರ್‌ಬಸ್ ಎ-320 ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ಚಾಲಕನ ಪಕ್ಕದ ಚಿಕ್ಕ ಕೋಲಿಗೂ ರೆಕ್ಕೆಯ ಹಲಗೆಗಳಿಗೂ ನಡುವೆ ತಂತಿ ರಾಟೆಗಳಿಲ್ಲ, ಗಣಕಗಳಿವೆ. ಚಾಲಕನು ಕೋಲಿನಿಂದ ತನ್ನ ಇಚ್ಛೆಯನ್ನು ತಿಳಿಸುತ್ತಾನೆ. ಅದನ್ನು ನೆರವೇರಿಸಲು ಯಾವ ಹಲಗೆ ಎಷ್ಟು ತಿರುಗಬೇಕೆಂಬುದನ್ನು ಗಣಕಗಳು ನಿರ್ಣಯಿಸುತ್ತವೆ. ಇಂಥ ವಿಮಾನದಲ್ಲಿ ಎಂಜಿನು ನಿಂತಾಗ ಚಾಲಕನು ಕೋಲನ್ನು ಮುಟ್ಟದೆ ಬಿಟ್ಟರೂ ಅದು ತಟ್ಟನೆ ಮಗುಚಿಕೊಳ್ಳುವುದಿಲ್ಲ. ಗಣಕಗಳು ಒರಗುವಿಕೆಯನ್ನು ಎದುರಿಸಿ, ಒಂದು ರೆಕ್ಕೆ ಕೊಂಚ ಬಾಗಿ ದಿಕ್ಕು ಮೆಲ್ಲಮೆಲ್ಲಗೆ ಜಾರುತ್ತಿರುವ ಸ್ಥಿತಿಯಲ್ಲಿ ಅದನ್ನು ನಿಲ್ಲಿಸುತ್ತವೆ. ಆದರೆ ನಿಂತಿತೆಂದ ಮಾತ್ರಕ್ಕೆ ಚೆನ್ನಾಗಿ ಏರುತ್ತಿದೆಯೆಂದಲ್ಲ. ಚಾಲಕನ ಮುಂದಿನ ತೆರೆಯ ಮೇಲೆ, ವಿಮಾನ ಎಷ್ಟು ಓರೆಯಾಗಿ ಜಾರುತ್ತಿದೆಯೆಂದು ತೋರಿಸುವ ಹಳದಿ ಗುರುತು ಇಂಥ ಹೊತ್ತಿನಲ್ಲಿ ನೀಲಿಯಾಗುತ್ತದೆ. ಅದನ್ನು ಕಾಲಿನ ಒತ್ತಿನಿಂದ ನಡುವಿಗೆ ತಂದರೆ ಏರಿಕೆಗೆ ಅನುಕೂಲವಾದ ಸ್ಥಿತಿ ದೊರೆಯಿತೆಂದು ಅರ್ಥ. ಇಲ್ಲಿ ಯಂತ್ರವು ಅಳತೆಯನ್ನು ತೋರಿಸುತ್ತದೆ, ಒತ್ತತಕ್ಕವನು ಮನುಷ್ಯ. ಸ್ವಯಂಚಾಲಕಕ್ಕೆ ವಿಮಾನವನ್ನು ಒಪ್ಪಿಸಿದ ಮೇಲೆ ಮಾತ್ರ ಚುಕ್ಕಾಣಿಯ ಹೊಂದಾಣಿಕೆಯನ್ನೂ ಅದೇ ನೋಡಿಕೊಳ್ಳುತ್ತದೆ.

ಮೂರನೆಯ ದಾರಿಯನ್ನು ತೆರೆದದ್ದು 1995ರಲ್ಲಿ ಸೇವೆಗೆ ಬಂದ ಬೋಯಿಂಗ್ 777. ಅದನ್ನು ಹೇಳುವುದಕ್ಕೆ ಮುಂಚೆ, ಅದಕ್ಕೆ ಹತ್ತು ವರ್ಷಗಳ ಹಿಂದಿನ ಒಂದು ಘಟನೆಯನ್ನು ಹೇಳಬೇಕು. ಯಂತ್ರದ ನೆರವೆಂಬುದು ಎರಡಲಗಿನ ಕತ್ತಿಯೆಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟ ಪ್ರಸಂಗವನ್ನು ನಾವು ಕಾಣೆವು.

1985ನೆಯ ಇಸವಿ ಫೆಬ್ರವರಿ 19ರಂದು ತೈವಾನಿನ ಚೈನಾ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 747 ಎಸ್‌ಪಿ ವಿಮಾನವೊಂದು 274 ಮಂದಿಯೊಡನೆ ತೈಪೆಯಿಂದ ಅಮೆರಿಕೆಗೆ ಬರುತ್ತಿತ್ತು. ಪೆಸಿಫಿಕ್ ಮಹಾಸಾಗರದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ಇನ್ನೂ ದೂರವಿರುವಾಗ, 41,000 ಅಡಿ ಎತ್ತರದಲ್ಲಿ ಅದರ ನಾಲ್ಕು ಎಂಜಿನುಗಳಲ್ಲಿ ಬಲಗಡೆಯ ಕೊನೆಯದು ಶಕ್ತಿ ಕಳೆದುಕೊಂಡಿತು. ಸ್ವಯಂಚಾಲಕವು ಕೆಲಸ ಮಾಡುತ್ತಲೇ ಇತ್ತು. ಅದಕ್ಕೆ ಚುಕ್ಕಾಣಿಯ ಮೇಲೆ ಅಧಿಕಾರವಿರಲಿಲ್ಲವಾದ್ದರಿಂದ ರೆಕ್ಕೆಯ ಹಲಗೆಗಳನ್ನು ಎಡಕ್ಕೆ ತಿರುಗಿಸಿ ತಿರುಗಿಸಿ ವಿಮಾನವನ್ನು ಹೇಗೋ ನೆಟ್ಟಗೆ ಹಿಡಿದಿತ್ತು. ಎತ್ತರವನ್ನು ಕಾಯುವ ಪ್ರಯತ್ನದಲ್ಲಿ ವೇಗವು ಕುಗ್ಗುತ್ತ ಬಂದಿತು. ಕುಗ್ಗಿದಷ್ಟೂ ಹಲಗೆಗಳನ್ನು ಇನ್ನಷ್ಟು ತಿರುಗಿಸಬೇಕಾಯಿತು. ಚಾಲಕನ ಗಮನವೆಲ್ಲ ಕೆಟ್ಟ ಎಂಜಿನಿನ ಮೇಲೂ ಕುಗ್ಗುವ ವೇಗದ ಮೇಲೂ ಇತ್ತು. ಪೆಡಲನ್ನು ಯಾರೂ ಒತ್ತಲಿಲ್ಲ. ಯಂತ್ರವು ತನ್ನ ಶಕ್ತಿಯ ಕೊನೆಯ ಅಂಚಿಗೆ ಬಂದಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವಂತೆ ಅದು ಕೂಗಿ ಹೇಳಲೂ ಇಲ್ಲ. ಕೊನೆಗೆ ಚಾಲಕನು ಸ್ವಯಂಚಾಲಕವನ್ನು ಬಿಡಿಸಿದನು. ಅಲ್ಲಿಯವರೆಗೆ ಅದು ಮರೆಯಲ್ಲಿ ಹೊತ್ತಿದ್ದ ಭಾರವು ಒಮ್ಮೆಗೇ ಬಿಟ್ಟುಬಿಟ್ಟಿತು. ವಿಮಾನವು ಬಲಕ್ಕೆ ಮಗುಚಿಕೊಂಡು, ಮೋಡದೊಳಗೆ ತಲೆಕೆಳಗಾಗಿ, ಸುಮಾರು 30,000 ಅಡಿ ಕೆಳಕ್ಕೆ ಬಿದ್ದಿತು. ಮೋಡದ ತಳದಿಂದ ಹೊರಬಂದು ದಿಗಂತವು ಕಣ್ಣಿಗೆ ಬಿದ್ದ ಮೇಲೆ, ಸುಮಾರು 9,500 ಅಡಿ ಎತ್ತರದಲ್ಲಿ, ಅದನ್ನು ಮತ್ತೆ ಸ್ವಾಧೀನಕ್ಕೆ ತಂದರು. ಬಾಲದ ಭಾಗಗಳು ಮುರಿದಿದ್ದರೂ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯಿತು, ಒಬ್ಬರೂ ಸಾಯಲಿಲ್ಲ. ಗಟ್ಟಿಯಾದ ಕಟ್ಟೋಣದ ಪುಣ್ಯ ಎನ್ನಬೇಕು.

ಇಲ್ಲಿ ಯಂತ್ರವು ನೆರವು ನೀಡಲಿಲ್ಲವೆ? ನೀಡಿತು. ಅದು ಸುಮ್ಮನೆ ನೀಡಿದ್ದೇ ಕೇಡಾಯಿತು. ಮನೆಯ ಸಾಲವನ್ನೆಲ್ಲ ಯಜಮಾನನಿಗೆ ತಿಳಿಸದೆ ತೀರಿಸುತ್ತ ಬಂದ ಗುಮಾಸ್ತನು ಒಂದು ದಿನ ಬೀಗದ ಕೈ ಇಟ್ಟು ಹೊರಟುಹೋದಂತೆ.

777ರ ರಚಕರು ಮಾಡಿದ ಏರ್ಪಾಡನ್ನು ಇದರ ಬೆಳಕಿನಲ್ಲಿ ನೋಡಬೇಕು. ಎರಡು ಎಂಜಿನುಗಳ ನೂಕುಬಲದಲ್ಲಿ ನೂರಕ್ಕೆ ಹತ್ತು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂತರ ಕಂಡೊಡನೆ, ಆ ವಿಮಾನದ ಗಣಕವು ತಾನಾಗಿಯೇ ಚುಕ್ಕಾಣಿಯನ್ನು ಹೊರಳಿಸುತ್ತದೆ. ಚಾಲಕನು ಕಾಲು ಒತ್ತುವವರೆಗೆ ಕಾಯುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂತರವನ್ನು ಅಳೆದು ಹಲಗೆಯನ್ನು ತಿರುಗಿಸುವ ಯಂತ್ರವನ್ನು ಯಾವ ಜಾಣನಾದರೂ ಮಾಡಿಯಾನು. ನಮ್ಮ ಮೆಚ್ಚಿಕೆಗೆ ಪಾತ್ರವಾದದ್ದು ಬೇರೆ ಎರಡು ಅಂಶಗಳು. ಒಂದು, ಗಣಕವು ಚುಕ್ಕಾಣಿಯನ್ನು ಹೊರಳಿಸಿದಾಗ ಚಾಲಕನ ಕಾಲಡಿಯ ಪೆಡಲುಗಳೂ ಅದರ ಜೊತೆಗೆ ಚಲಿಸುತ್ತವೆ, ಹೊಂದಾಣಿಕೆಯ ಸೂಚಕವೂ ಚಲಿಸುತ್ತದೆ. ಮಾಡಿದ ಕೆಲಸವು ಮರೆಯಾಗಿ ಉಳಿಯುವುದಿಲ್ಲ. ಎರಡು, ಎಂಜಿನು ನಿಂತ ಮೊದಲ ಕ್ಷಣದ ಹೊರಳಿಕೆಯನ್ನು ಅದು ಪೂರ್ತಿಯಾಗಿ ಅಳಿಸಿಹಾಕುವುದಿಲ್ಲ. ಮೂತಿಯು ಕೊಂಚ ತಿರುಗಲೆಂದು ಬುದ್ಧಿಪೂರ್ವಕವಾಗಿಯೇ ಬಿಡುತ್ತದೆ. ಏಕೆ? ಏನೋ ಕೆಟ್ಟಿದೆ, ಇಂಥ ಕಡೆಯಲ್ಲಿ ಕೆಟ್ಟಿದೆ ಎಂಬುದು ಚಾಲಕನ ದೇಹಕ್ಕೆ ತಟ್ಟಬೇಕೆಂದು. ಪೂರ್ತಿಯಾಗಿ ಸರಿಪಡಿಸಬಲ್ಲ ಯಂತ್ರಕ್ಕೆ ಪೂರ್ತಿಯಾಗಿ ಸರಿಪಡಿಸಬೇಡವೆಂದು ಕಲಿಸುವುದು ಸಣ್ಣ ವಿವೇಕವಲ್ಲ. ಎಂಜಿನಿಗೆ ತೀವ್ರ ಹಾನಿಯಾಗಿ ನೂಕುಬಲದ ಲೆಕ್ಕವೇ ನಂಬಲಾಗದಂತಾದರೆ ಈ ನೆರವು ತಾನಾಗಿ ಹಿಂದೆ ಸರಿಯುತ್ತದೆ, ಬೇಡವೆಂದರೆ ಚಾಲಕನೇ ಗುಂಡಿಯೊತ್ತಿ ನಿಲ್ಲಿಸಬಹುದು. ಮುಂದೆ ಬಂದ 787ರಲ್ಲಿಯೂ ಇಂಥ ನೆರವನ್ನು ನಿಯಂತ್ರಣ ವ್ಯವಸ್ಥೆಯೊಳಗೇ ಸೇರಿಸಿದ್ದಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಬಳಿಯ ಹಾದಿಯಲ್ಲಿ ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ನಮ್ಮ ಮಹಿಳಾ ಚಾಲಕರೇ ನಡೆಸಿ ತಂದ ಏರ್ ಇಂಡಿಯಾ ವಿಮಾನವು ಈ 777ರ ಜಾತಿಯದೇ. ಎರಡೇ ಎಂಜಿನುಗಳನ್ನು ನಂಬಿ ಹಿಮದ ಮರುಭೂಮಿಯನ್ನು ದಾಟುವ ಧೈರ್ಯಕ್ಕೆ ಎಂಜಿನಿನ ಗಟ್ಟಿತನವು ಮುಖ್ಯ ಕಾರಣ. ಒಂದು ನಿಂತರೂ ವಿಮಾನವು ಚಾಲಕರ ಕೈಯಲ್ಲಿಯೇ ಉಳಿಯುತ್ತದೆಂಬ ಭರವಸೆಯೂ ಒಂದು ಕಾರಣ.

ಆದರೆ ವಿಮಾನವನ್ನು ನೆಟ್ಟಗೆ ಹಿಡಿದುಕೊಂಡ ಮಾತ್ರಕ್ಕೆ ಗಂಡಾಂತರ ಕಳೆಯಲಿಲ್ಲ. ಕೆಟ್ಟದ್ದು ಯಾವುದೆಂದು ಗುರುತಿಸಿ ಅದನ್ನೇ ನಿಲ್ಲಿಸಬೇಕು. ಇದು ಸಾಮಾನ್ಯ ವಿಷಯವೆಂದು ತೋರಬಹುದು; ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ಎಷ್ಟು ಬುದ್ಧಿ ಬೇಕು ಎನಿಸಬಹುದು. 1989ನೆಯ ಇಸವಿ ಜನವರಿ 8ರಂದು ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮಿಡ್ಲೆಂಡ್ ಸಂಸ್ಥೆಯ ಬೋಯಿಂಗ್ 737ರ ಎಡದ ಎಂಜಿನಿನಲ್ಲಿ ಬೀಸಣಿಗೆಯ ಅಲಗೊಂದು ಮುರಿಯಿತು. ವಿಮಾನ ನಡುಗಿತು, ಹೊಗೆ ಬಂದಿತು. ಚಾಲಕರು ಬಲದ ಎಂಜಿನೇ ಕೆಟ್ಟಿತೆಂದು ಬಗೆದು ಅದರ ಶಕ್ತಿಯನ್ನು ತಗ್ಗಿಸಿದರು. ದುರದೃಷ್ಟವಶಾತ್ ಅದೇ ಹೊತ್ತಿಗೆ ನಡುಕವೂ ಕಡಮೆಯಾಯಿತು! ತಾವು ಮಾಡಿದ್ದೇ ಸರಿಯೆಂದು ನಂಬಿ ಒಳ್ಳೆಯ ಎಂಜಿನನ್ನು ಪೂರ್ತಿಯಾಗಿ ನಿಲ್ಲಿಸಿದರು. ಇಳಿಯುವುದಕ್ಕೆಂದು ಶಕ್ತಿಯನ್ನು ಕೇಳಿದಾಗ ಕೆಟ್ಟ ಎಂಜಿನು ಕೈಕೊಟ್ಟಿತು. ನಿಲ್ದಾಣಕ್ಕೆ ತೀರ ಸಮೀಪದಲ್ಲಿ, ಕೆಗ್‌ವರ್ತ್ ಗ್ರಾಮದ ಬಳಿಯ ಹೆದ್ದಾರಿಯ ದಿಬ್ಬಕ್ಕೆ ವಿಮಾನ ಅಪ್ಪಳಿಸಿ, 126 ಮಂದಿಯಲ್ಲಿ 47 ಮಂದಿ ಪ್ರಾಣಬಿಟ್ಟರು. ನಮ್ಮನ್ನು ಕಾಡುವ ಸಂಗತಿಯೆಂದರೆ, ಎಡದ ಎಂಜಿನಿನಿಂದ ಬೆಂಕಿ ಹೊರಡುವುದನ್ನು ಹಲವು ಪ್ರಯಾಣಿಕರು ಕಿಟಕಿಯಿಂದ ಕಂಡಿದ್ದರು. ಬಲದ ಎಂಜಿನನ್ನು ನಿಲ್ಲಿಸಿದೆವೆಂದು ಚಾಲಕರು ಸಾರಿದ್ದನ್ನೂ ಕೇಳಿದ್ದರು. ಬಲ್ಲವರು ಮಾಡಿದ್ದಾರೆ, ನಮಗೇಕೆ ಎಂದು ಯಾರೂ ಬಾಯಿಬಿಡಲಿಲ್ಲ.

2015ನೆಯ ಇಸವಿ ಫೆಬ್ರವರಿ 4ರಂದು ತೈಪೆ ನಗರದಲ್ಲಿ ಟ್ರಾನ್ಸ್‌ಏಷಿಯಾ ಸಂಸ್ಥೆಯ ಎಟಿಆರ್ 72 ವಿಮಾನಕ್ಕೆ ಆದದ್ದು ಇನ್ನೂ ವಿಚಿತ್ರ. ನಮ್ಮ ಮೈಸೂರಿನಂಥ ಊರುಗಳಿಗೂ ಬಂದಿರುವ ಪಂಖದ ವಿಮಾನವೇ ಅದು. ಏರುತ್ತಿರುವಾಗ ವಿದ್ಯುತ್ ಜೋಡಣೆಯೊಂದರ ದೋಷದಿಂದಾಗಿ ಬಲದ ಎಂಜಿನು ಕೆಟ್ಟಿತೆಂದು ಯಂತ್ರವು ಭಾವಿಸಿತು. ಭಾವಿಸಿದ ಮೇಲೆ ತನಗೆ ಕಲಿಸಿದ್ದನ್ನು ಮಾಡಿತು: ಬಲದ ಪಂಖದ ಅಲಗುಗಳನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ, ಎಡದ ಎಂಜಿನಿನ ಶಕ್ತಿಯನ್ನು ತಾನಾಗಿ ಹೆಚ್ಚಿಸಿತು. ಅಷ್ಟಕ್ಕೆ ಬಿಟ್ಟಿದ್ದರೆ ವಿಮಾನವು ಹಾರುತ್ತಲೇ ಇರಬಹುದಾಗಿತ್ತು. ಮುಖ್ಯ ಚಾಲಕನು ಸ್ವಯಂಚಾಲಕವನ್ನು ಬಿಡಿಸಿ, ಎಡದ ಎಂಜಿನಿನ ಸನ್ನೆಕೋಲನ್ನೇ ಹಿಂದಕ್ಕೆಳೆದು, ಒಳ್ಳೆಯದನ್ನು ನಿಲ್ಲಿಸಿದನು. ತಪ್ಪು ತಿಳಿದಾಗ ಎತ್ತರ ಉಳಿದಿರಲಿಲ್ಲ. ವಿಮಾನವು ಮೇಲ್ಸೇತುವೆಯೊಂದನ್ನು ರೆಕ್ಕೆಯಿಂದ ಸವರಿ ಕೀಲುಂಗ್ ನದಿಗೆ ಬಿದ್ದಿತು. 58 ಮಂದಿಯಲ್ಲಿ 43 ಮಂದಿ ಮಡಿದರು. ಏರುವಾಗ ಎಂಜಿನು ನಿಲ್ಲುವ ಸಂದರ್ಭದ ಅಭ್ಯಾಸದಲ್ಲಿ ಆ ಚಾಲಕನ ನ್ಯೂನತೆಗಳನ್ನು ಪರೀಕ್ಷಕರು ಮೊದಲೇ ಬರೆದಿಟ್ಟಿದ್ದರೆಂದು ತನಿಖೆಯಿಂದ ಹೊರಬಿದ್ದಿತು. ಬರೆದದ್ದು ಕಡತದಲ್ಲಿ ಉಳಿಯಿತು.

ಇಂಥ ದುಡುಕನ್ನು ತಪ್ಪಿಸುವುದಕ್ಕಾಗಿಯೇ ಒಂದು ಶಿಸ್ತು ರೂಢಿಯಲ್ಲಿದೆ. ಎಂಜಿನು ಕೆಟ್ಟ ಮೇಲೆ ವಿಮಾನವು ನೆಲದಿಂದ 400 ಅಡಿಯನ್ನಾದರೂ ಏರುವವರೆಗೆ, ಅದನ್ನು ನೆಟ್ಟಗೆ ಹಿಡಿದು ಚಕ್ರಗಳನ್ನು ಸೇದಿಕೊಳ್ಳುವುದರ ಹೊರತು ಏನನ್ನೂ ಮುಟ್ಟಕೂಡದು. ಆಮೇಲೆ ಒಬ್ಬನು ಸನ್ನೆಕೋಲಿನ ಮೇಲೆ ಕೈಯಿಟ್ಟು ಇದೇ ಅಲ್ಲವೆ ಎಂದು ಕೇಳಬೇಕು, ಇನ್ನೊಬ್ಬನು ನೋಡಿ, ಹೌದು ಅದೇ ಎನ್ನಬೇಕು, ಅನಂತರ ಎಳೆಯಬೇಕು. ತೈಪೆಯಲ್ಲಿ ತಪ್ಪಿಹೋದದ್ದು ಈ ಒಂದು ಪ್ರಶ್ನೆ, ಈ ಒಂದು ಉತ್ತರ. ಯಂತ್ರದ ನೆರವು ಎಷ್ಟು ಸೂಕ್ಷ್ಮವಾಗಿದ್ದರೂ ಈ ಸಂವಾದಕ್ಕೆ ಪ್ರತಿನಿಧಿಯಾಗಲಾರದು. ಏಕೆಂದರೆ ಕೆಗ್‌ವರ್ತ್‌ನಲ್ಲಿ ಯಂತ್ರಕ್ಕೆ ಗೊತ್ತಿರಲಿಲ್ಲ, ತೈಪೆಯಲ್ಲಿ ಯಂತ್ರವೇ ಸುಳ್ಳನ್ನು ನಂಬಿತ್ತು.

ಈ ವಿಷಯದಲ್ಲಿ ಕನ್ನಡನಾಡಿಗೂ ಒಂದು ನೋವಿನ ನೆನಪುಂಟು. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯವರು ಸ್ವದೇಶದಲ್ಲಿಯೇ ರೂಪಿಸಿದ, 14 ಮಂದಿ ಕೂರುವ ‘ಸಾರಸ್’ ವಿಮಾನದ ಎರಡನೆಯ ಮಾದರಿಯು 2009ನೆಯ ಇಸವಿ ಮಾರ್ಚ್ 6ರಂದು ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ವೀರಮರಣವನ್ನಪ್ಪಿದರು. ಅಂದು ನಡೆಯುತ್ತಿದ್ದದ್ದು ಒಂದು ಎಂಜಿನನ್ನು ಬೇಕೆಂದೇ ಆಕಾಶದಲ್ಲಿ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ. ಆ ಕೆಲಸಕ್ಕೆ ಗೊತ್ತುಮಾಡಿಕೊಟ್ಟಿದ್ದ ಕ್ರಮವೇ ಸರಿಯಾಗಿರಲಿಲ್ಲವೆಂದು ತನಿಖೆಯವರು ಕಂಡುಕೊಂಡರು. ದೊಡ್ಡ ವಿಮಾನಗಳಲ್ಲಿ ಇಂದು ನಾವು ಸುಖವಾಗಿ ಕುಳಿತು ಪಡೆಯುವ ನೆರವುಗಳು ಎಂಥ ಪರೀಕ್ಷೆಗಳನ್ನು ದಾಟಿ ಬಂದವೆಂಬುದನ್ನು ಬಿಡದಿಯ ಆ ಹೊಲವು ಹೇಳುತ್ತದೆ.

ಇನ್ನು ಆರಂಭದ ಪ್ರಶ್ನೆಗೆ ಬರೋಣ. ಇದುವರೆಗೆ ಹೇಳಿದ ನೆರವೆಲ್ಲ ಒಂದು ಎಂಜಿನು ಬದುಕಿರುವಾಗಿನದು. ಎರಡೂ ನಿಂತರೆ ಸರಿದೂಗಿಸಲು ಅಂತರವೇ ಇರುವುದಿಲ್ಲ. ಚುಕ್ಕಾಣಿಯನ್ನು ಹೊರಳಿಸುವ ಗಣಕಕ್ಕೆ ಕೆಲಸವೇ ಇಲ್ಲ. ಆಗ ಯಂತ್ರವು ಮಾಡಬಲ್ಲದ್ದು ಇಳಿಯುವ ದಾರಿಯನ್ನು ಹದದಲ್ಲಿರಿಸುವುದಷ್ಟೆ. 2009ನೆಯ ಇಸವಿ ಜನವರಿ 15ರಂದು ನ್ಯೂಯಾರ್ಕ್ ನಗರದ ಮೇಲೆ ಹಕ್ಕಿಗಳು ಬಡಿದು ಯು.ಎಸ್. ಏರ್‌ವೇಸ್ ಸಂಸ್ಥೆಯ ಎ-320 ವಿಮಾನದ ಎರಡು ಎಂಜಿನುಗಳೂ ಶಕ್ತಿಗುಂದಿದಾಗ, ಮುಖ್ಯ ಚಾಲಕ ಸಲೆನ್‌ಬರ್ಗರ್ ಅವರು ತಡಮಾಡದೆ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನನ್ನು ಹೊತ್ತಿಸಿದರು. ಅದರಿಂದ ವಿದ್ಯುತ್ತು ತಪ್ಪದೆ ಗಣಕಗಳು ಪೂರ್ಣಶಕ್ತಿಯಲ್ಲಿ ಉಳಿದವು. ಹಡ್ಸನ್ ನದಿಯ ನೀರನ್ನು ಮುಟ್ಟುವ ಕೊನೆಯ ಕ್ಷಣಗಳಲ್ಲಿ, ವಿಮಾನವು ಗಾಳಿಯ ಹಿಡಿತ ತಪ್ಪಿ ಕುಸಿಯದಂತೆ ಅವು ಮೂತಿಯನ್ನು ಮಿತಿಯಲ್ಲಿರಿಸಿದವು. 155 ಮಂದಿಯೂ ಬದುಕಿದರು. ಅವರಿಗೆ ಸುಮಾರು 2,800 ಅಡಿ ಎತ್ತರವೂ ಮೂರೂವರೆ ನಿಮಿಷದಷ್ಟು ಕಾಲವೂ ಇದ್ದವೆಂಬುದನ್ನು ಮರೆಯಬಾರದು.

ಅಹಮದಾಬಾದಿನಲ್ಲಿ ಇದ್ದದ್ದು ಕೆಲವೇ ನೂರು ಅಡಿ. 2025ರ ಜುಲೈಯಲ್ಲಿ ನಮ್ಮ ತನಿಖಾ ಇಲಾಖೆಯವರು ಪ್ರಕಟಿಸಿದ ಪ್ರಾಥಮಿಕ ವರದಿಯ ಪ್ರಕಾರ, ವಿಮಾನವು ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡು ಎಂಜಿನುಗಳ ಇಂಧನದ ಸ್ವಿಚ್ಚುಗಳೂ ಒಂದರ ಹಿಂದೊಂದು, ಒಂದು ಸೆಕೆಂಡಿನ ಅಂತರದಲ್ಲಿ, ನಿಲ್ಲಿಸುವ ಸ್ಥಾನಕ್ಕೆ ಹೋದವು. ಏಕೆ ನಿಲ್ಲಿಸಿದೆಯೆಂದು ಒಬ್ಬ ಚಾಲಕರು ಕೇಳಿದ್ದೂ, ತಾನು ನಿಲ್ಲಿಸಲಿಲ್ಲವೆಂದು ಇನ್ನೊಬ್ಬರು ಹೇಳಿದ್ದೂ ಧ್ವನಿಮುದ್ರಿಕೆಯಲ್ಲಿದೆ. ಸ್ವಿಚ್ಚುಗಳನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತಂದಾಗ ಎಂಜಿನುಗಳ ಗಣಕಗಳು ತಾವಾಗಿಯೇ ಇಂಧನವನ್ನು ಹೊತ್ತಿಸತೊಡಗಿದವು. ಒಂದು ಎಂಜಿನು ಚೇತರಿಸಿಕೊಳ್ಳುವ ಲಕ್ಷಣವನ್ನೂ ತೋರಿಸಿತು. ಯಂತ್ರವು ತನ್ನ ಕರ್ತವ್ಯದಲ್ಲಿ ತೊಡಗಿತ್ತು. ಇಲ್ಲದಿದ್ದದ್ದು ಕಾಲ ಮತ್ತು ಎತ್ತರ. ಸ್ವಿಚ್ಚುಗಳು ಹೇಗೆ ಆ ಸ್ಥಾನಕ್ಕೆ ಹೋದವೆಂಬುದನ್ನು ಆ ಪ್ರಾಥಮಿಕ ವರದಿಯು ನಿರ್ಣಯಿಸಲಿಲ್ಲ. ಅಷ್ಟರಲ್ಲಿಯೇ, ಉತ್ತರ ಹೇಳಲಾರದ ಮೃತರ ಮೇಲೆ ತೀರ್ಪು ಬರೆದ ಪತ್ರಿಕೆಗಳು ದೇಶದಲ್ಲಿಯೂ ಹೊರಗೂ ಇದ್ದವು. ಆ ಗುಂಪಿಗೆ ಸೇರಲು ನಮಗೆ ಮನಸ್ಸಿಲ್ಲ.

ಇಬ್ಬರ ಬದಲು ಒಬ್ಬನೆಂಬ ಎರಡನೆಯ ಮಾತಿಗೆ ಯುರೋಪಿನಿಂದಲೇ ಒಂದು ಉತ್ತರ ದೊರೆತಿದೆ. ಅಲ್ಲಿಯ ವಿಮಾನಯಾನ ಸುರಕ್ಷತಾ ಸಂಸ್ಥೆಯವರು ಮಾಡಿಸಿ 2025ರಲ್ಲಿ ಹೊರಡಿಸಿದ ಅಧ್ಯಯನವು, ದೂರಪ್ರಯಾಣದ ನಡುಭಾಗದಲ್ಲಿ ಒಬ್ಬನೇ ಚಾಲಕನಿರುವ ಪದ್ಧತಿಯು ಇಬ್ಬರಿರುವ ಈಗಿನ ಪದ್ಧತಿಯಷ್ಟೇ ಸುರಕ್ಷಿತವೆಂದು ಸಾಕಷ್ಟು ತೋರಿಸಲು ಸಾಧ್ಯವಾಗಿಲ್ಲವೆಂದು ಹೇಳಿತು. ಇದಕ್ಕೆ ನಾವು ಸಂತೋಷಪಡುತ್ತೇವೆ. ಆದರೆ ಪ್ರಸ್ತಾಪವು ಸತ್ತಿತೆಂದು ನಂಬುವುದಿಲ್ಲ. ಒಬ್ಬ ಚಾಲಕನ ಸಂಬಳದ ಉಳಿತಾಯವೆಂಬುದು ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ಪ್ರತಿ ವರ್ಷವೂ ಮತ್ತೆ ಹುಟ್ಟತಕ್ಕ ಆಸೆ. ಅದು ಬಂದಾಗಲೆಲ್ಲ ನಮ್ಮ ಸರಕಾರದವರು ಕೇಳಬೇಕಾದದ್ದು ಇಷ್ಟೇ: ಸನ್ನೆಕೋಲಿನ ಮೇಲೆ ಕೈಯಿಟ್ಟವನು ಇದೇ ಅಲ್ಲವೆ ಎಂದು ಯಾರನ್ನು ಕೇಳಬೇಕು?

ನಮ್ಮ ದೇಶಕ್ಕಂತೂ ಈ ಚರ್ಚೆ ದೂರದ್ದಲ್ಲ. 2023ನೆಯ ಒಂದೇ ವರ್ಷದಲ್ಲಿ ಏರ್ ಇಂಡಿಯಾ ಸಂಸ್ಥೆಯು 470 ವಿಮಾನಗಳಿಗೂ ಇಂಡಿಗೋ ಸಂಸ್ಥೆಯು 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದವು. ಇವುಗಳಲ್ಲಿ ಕೂರಬೇಕಾದ ಚಾಲಕರು ಸಾವಿರಗಟ್ಟಲೆ. ನಮ್ಮ ಕಟ್ಟಳೆಯಂತೆ ಚಾಲಕನ ವೃತ್ತಿಯ ಪರವಾನಗಿಗೆ ಬೇಕಾದ ಹಾರಾಟವು 200 ಗಂಟೆ. ಅದರಲ್ಲಿ ಹೆಚ್ಚಿನ ಪಾಲು ಒಂದೇ ಎಂಜಿನಿನ ಪುಟ್ಟ ವಿಮಾನಗಳಲ್ಲಿ ಕಳೆಯತಕ್ಕದ್ದು. ಅಲ್ಲಿಂದ ಯುವಕ ಯುವತಿಯರು ನೇರವಾಗಿ, ನೆರವಿನ ಯಂತ್ರಗಳಿಂದ ತುಂಬಿದ ದೊಡ್ಡ ವಿಮಾನಗಳಿಗೆ ಬರುತ್ತಾರೆ. ಅವರ ಯೋಗ್ಯತೆಯನ್ನು ನಾವು ಕಡಮೆ ಮಾಡಿ ಹೇಳುತ್ತಿಲ್ಲ. ಕಾಲಿನ ನೆನಪೆಂಬುದು ಅಭ್ಯಾಸದಿಂದ ಬರತಕ್ಕದ್ದು. ಓಡಾಟದ ದಿನಗಳಲ್ಲಿ ಸ್ವಯಂಚಾಲಕವೇ ಎಲ್ಲವನ್ನೂ ಮಾಡುತ್ತಿದ್ದರೆ ಆ ಅಭ್ಯಾಸಕ್ಕೆ ಎಡೆಯೆಲ್ಲಿ ಎಂದು ಕೇಳುತ್ತಿದ್ದೇವೆ.

ಆರು ತಿಂಗಳಿಗೊಮ್ಮೆ ಕೃತಕ ವಿಮಾನಯಂತ್ರದಲ್ಲಿ ಕೂರಿಸಿ ಪರೀಕ್ಷಿಸುತ್ತಾರೆ, ನಿಜ. ಏರುವ ಹೊತ್ತಿಗೆ ಎಂಜಿನು ನಿಲ್ಲುವ ಪಾಠವೂ ಅದರಲ್ಲಿದೆ. ಆದರೆ ಇಂಥ ಪರೀಕ್ಷೆಯಲ್ಲಿ ಎಂಜಿನು ನಿಲ್ಲುವುದು ಪಂಚಾಂಗದಲ್ಲಿ ಬರೆದ ಗ್ರಹಣದಂತೆ ಮೊದಲೇ ಗೊತ್ತಿರುತ್ತದೆ. ‘ವಿ-ಒನ್’ ಎಂದ ಮರುಕ್ಷಣವೇ ಕಾಲು ಸಿದ್ಧವಾಗಿರುತ್ತದೆ. ಕೆಗ್‌ವರ್ತ್‌ನಲ್ಲಿ ಹಾಗೆ ಆಗಲಿಲ್ಲ, ಪೆಸಿಫಿಕ್ಕಿನ ಮೇಲೂ ಹಾಗೆ ಆಗಲಿಲ್ಲ. ಪಯಣದ ನಡುವೆ, ಸ್ವಯಂಚಾಲಕವು ಹಿಡಿದಿರುವಾಗ, ಶಕ್ತಿಯು ಸದ್ದಿಲ್ಲದೆ ಕುಗ್ಗುವುದನ್ನು ಅಭ್ಯಾಸ ಮಾಡಿಸಬೇಕು. ನಡುಕವೊಂದು ಕಡೆ, ಸೂಚಕವೊಂದು ಕಡೆ ಬೊಟ್ಟುಮಾಡುವ ಗೊಂದಲವನ್ನು ಕಲ್ಪಿಸಬೇಕು. ನೆರವಿನ ಯಂತ್ರವನ್ನು ನಿಲ್ಲಿಸಿ ಕೈಕಾಲುಗಳಿಂದಲೇ ನಡೆಸುವ ಗಂಟೆಗಳನ್ನು ಕಡ್ಡಾಯ ಮಾಡಬೇಕು. ಇದಕ್ಕೆ ಹಣ ಬೇಕು, ಕೃತಕ ವಿಮಾನಯಂತ್ರದ ಹೊತ್ತು ಬೇಕು. ಕಂಪನಿಗಳು ಮುಖ ಸಿಂಡರಿಸುವುವೆಂಬುದನ್ನೂ ನಾವು ಬಲ್ಲೆವು. ಎಲ್ಲಕ್ಕಿಂತ ಹೆಚ್ಚಾಗಿ, ಅಭ್ಯಾಸದಲ್ಲಿ ಎಡವಿದವರ ಬಗ್ಗೆ ಪರೀಕ್ಷಕರು ಬರೆದದ್ದು ತೈಪೆಯಲ್ಲಾದಂತೆ ಕಡತದಲ್ಲಿ ಮಲಗದಿರಲು ನಾಗರಿಕ ವಿಮಾನಯಾನ ನಿರ್ದೇಶನಾಲಯದವರು ಯಾವ ಏರ್ಪಾಡನ್ನು ಮಾಡಿದ್ದಾರೆ, ಎಷ್ಟು ಮಂದಿಗೆ ಮರಳಿ ತರಬೇತು ಕೊಟ್ಟರು, ಎಷ್ಟು ಮಂದಿಯನ್ನು ತಡೆಹಿಡಿದರು ಎಂಬುದನ್ನು ಹೆಸರುಗಳನ್ನು ಬಿಟ್ಟು ಅಂಕಿಗಳಲ್ಲಿ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಪಾರ್ಲಿಮೆಂಟಿನಲ್ಲಿರುವ ನಮ್ಮ ಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿಯೇ ಈ ಅಂಕಿಗಳನ್ನು ಕೇಳಲಿ.